ಹಾಸಿಗೆಯಲ್ಲಿ ಒಂಬತ್ತೂವರೆ ಗಂಟೆ, ನಿದ್ದೆ ಮಾತ್ರ ಆರೂಕಾಲು

ಪ್ರಶ್ನೆ: ನನಗೆ 43 ವರ್ಷ, ಕುಳಿತು ಮಾಡುವ ಕೆಲಸ. ಎಂಟು ತಿಂಗಳಿಂದ ನಿದ್ದೆ ಸರಿಯಾಗಿಲ್ಲ. ಬೇಗ ಮಲಗಿದರೆ ಒಂದಿಷ್ಟಾದರೂ ಸಿಕ್ಕೀತು ಎಂದು ರಾತ್ರಿ 9:30ಕ್ಕೇ ಹಾಸಿಗೆ ಸೇರುತ್ತೇನೆ. ನಿದ್ದೆ ಹತ್ತುವಾಗ 11:30. ಮತ್ತೆ 3 ಗಂಟೆಗೆ ಎಚ್ಚರ. ಆಮೇಲೆ ಕಣ್ಣು ಹತ್ತುವುದು 4:15ರ ಸುಮಾರಿಗೆ. ಬೆಳಿಗ್ಗೆ 7ಕ್ಕೆ ಅಲಾರಾಂ ಹೊಡೆಯುವ ಹೊತ್ತಿಗೆ ಒಳ್ಳೇ ನಿದ್ದೆ. ರಜೆಯ ದಿನ 9:30ರವರೆಗೂ ಮಲಗುತ್ತೇನೆ, ಮಧ್ಯಾಹ್ನ ಒಂದು ಗಂಟೆ ಬೇರೆ. ಮಲಗುವ ಮುಂಚೆ ಮೊಬೈಲ್ ಬಿಟ್ಟೆ, ಕೋಣೆ ಕತ್ತಲು ಮಾಡಿದೆ, ಸಂಜೆಯ ಕಾಫಿ ನಿಲ್ಲಿಸಿದೆ. ಕೈಗೆ ಕಟ್ಟಿಕೊಳ್ಳುವ ವಾಚು ‘ಗಾಢ ನಿದ್ದೆ ಕಡಿಮೆ’ ಎಂದು ತೋರಿಸುತ್ತದೆ. ಮಾತ್ರೆ ತೆಗೆದುಕೊಳ್ಳಲೇ? ನಿದ್ದೆಗೆ ಒಳ್ಳೆಯ ಅಭ್ಯಾಸ ಎಂದರೆ ನಿಜಕ್ಕೂ ಯಾವುದು?

ಉತ್ತರ: ಮಾತ್ರೆಯ ಮಾತು ಕೊನೆಗಿರಲಿ. ಮೊದಲು ನೀವೇ ಬರೆದ ಲೆಕ್ಕ ನೋಡಿ. 9:30ರಿಂದ 7ರವರೆಗೆ ಒಂಬತ್ತೂವರೆ ಗಂಟೆ, ಅಂದರೆ 570 ನಿಮಿಷ ಹಾಸಿಗೆಯಲ್ಲಿ ಇರುತ್ತೀರಿ. ಅದರಲ್ಲಿ ನಿದ್ದೆ ಮಾಡುವುದು 11:30ರಿಂದ 3ರವರೆಗೆ ಮೂರೂವರೆ ಗಂಟೆ, 4:15ರಿಂದ 7ರವರೆಗೆ ಎರಡೂಮುಕ್ಕಾಲು ಗಂಟೆ. ಒಟ್ಟು 375 ನಿಮಿಷ. 375ನ್ನು 570ರಿಂದ ಭಾಗಿಸಿದರೆ ಶೇ. 66. ಇದನ್ನು ನಿದ್ರಾ ದಕ್ಷತೆ ಎನ್ನುತ್ತಾರೆ. ಶೇ. 85ರ ಮೇಲಿದ್ದರೆ ಚೆನ್ನಾಗಿದೆ ಎಂದು ಲೆಕ್ಕ. ನೀವು ದಿನಾ ರಾತ್ರಿ ಮೂರೂಕಾಲು ಗಂಟೆ ಹಾಸಿಗೆಯ ಮೇಲೆ ಎಚ್ಚರವಾಗಿ ಹೊರಳಾಡುತ್ತಿದ್ದೀರಿ. ಕೋಣೆ ಕತ್ತಲು ಮಾಡಿದ್ದು, ಕಾಫಿ ಬಿಟ್ಟದ್ದು ಒಳ್ಳೆಯದೇ. ಆದರೆ ಈ ಮೂರೂಕಾಲು ಗಂಟೆಯನ್ನು ಅವು ಮುಟ್ಟುವುದಿಲ್ಲ. ನಿದ್ದೆ ಸಿಗಲಿ ಎಂದು ನೀವು ರೂಢಿಸಿಕೊಂಡ ಬೇಗ ಮಲಗುವ ಅಭ್ಯಾಸವೇ ಈಗ ನಿದ್ದೆ ಕೆಡಿಸುತ್ತಿದೆ.

ನಿದ್ದೆ ಬರುವುದು ಎರಡು ವ್ಯವಸ್ಥೆಗಳು ಕೂಡಿ ಬಂದಾಗ. ಅಲೆಕ್ಸಾಂಡರ್ ಬೊರ್ಬೆಲಿ 1982ರಲ್ಲಿ ಮುಂದಿಟ್ಟ ಈ ಮಾದರಿ ಇವತ್ತಿಗೂ ನಿದ್ರಾವಿಜ್ಞಾನದ ತಳಹದಿ. ಮೊದಲನೆಯದು ನಿದ್ದೆಯ ಒತ್ತಡ. ಎದ್ದ ಕ್ಷಣದಿಂದ ಅದು ಏರುತ್ತಾ ಹೋಗುತ್ತದೆ, ಮಲಗಿದ ಮೇಲೆ ಇಳಿಯುತ್ತದೆ. ಹಸಿವಿನ ಹಾಗೇ ಇದು: ಎಷ್ಟು ಹೊತ್ತು ಉಂಡಿಲ್ಲವೋ ಅಷ್ಟು ಹಸಿವು, ನಡುವೆ ಕುರುಕಲು ತಿಂದರೆ ಊಟ ಸೇರುವುದಿಲ್ಲ. ಮಿದುಳಿನ ಜೀವಕೋಶಗಳು ಶಕ್ತಿ ಖರ್ಚು ಮಾಡಿದಂತೆಲ್ಲ ಹೆಚ್ಚುವ ಅಡೆನೊಸಿನ್ ಎಂಬ ವಸ್ತುವಿಗೆ ಈ ಒತ್ತಡದಲ್ಲಿ ದೊಡ್ಡ ಪಾಲಿದೆ. ಎರಡನೆಯದು ದೇಹದ ಗಡಿಯಾರ. ಮಿದುಳಿನ ಹೈಪೊಥಲಾಮಸ್ ಭಾಗದಲ್ಲಿ ಸುಮಾರು 20,000 ನರಕೋಶಗಳ ಒಂದು ಜೋಡಿ ಗುಂಪಿದೆ. ಯಾವಾಗ ಎಚ್ಚರ, ಯಾವಾಗ ನಿದ್ದೆ ಎಂಬ ಹೊತ್ತನ್ನು ಕಾಯುವುದು ಅದರ ಕೆಲಸ. ಈ ಗಡಿಯಾರದ ದಿನ ನಮ್ಮ ದಿನಕ್ಕಿಂತ ತುಸು ಉದ್ದ, ಸರಾಸರಿ 24 ಗಂಟೆ 10 ನಿಮಿಷದ ಆಸುಪಾಸು. ಬೆಳಗಿನ ಬೆಳಕು ದಿನಾ ಅದನ್ನು ಹಿಂದಕ್ಕೆಳೆದು ಸರಿಪಡಿಸದಿದ್ದರೆ ನಿದ್ದೆಯ ಹೊತ್ತು ನಿಧಾನಕ್ಕೆ ಮುಂದೆ ಮುಂದೆ ಹೋಗುತ್ತದೆ.

ಈ ಗಡಿಯಾರದ ಒಂದು ವಿಚಿತ್ರ ಗುಣ ನಿಮಗೆ ನೇರವಾಗಿ ತಾಗುತ್ತದೆ. ರೂಢಿಯಲ್ಲಿ ನಿದ್ದೆ ಹತ್ತುವ ಹೊತ್ತಿಗೆ ಎರಡು ಮೂರು ಗಂಟೆ ಮೊದಲು, ದಿನವಿಡೀ ಏರಿದ ನಿದ್ದೆಯ ಒತ್ತಡವನ್ನು ಎದುರಿಸಲು ಅದು ಎಚ್ಚರವನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸುತ್ತದೆ. ಪೆರೆಟ್ಜ್ ಲಾವಿ ಎಂಬ ಸಂಶೋಧಕರು 1986ರಲ್ಲಿ ಇದಕ್ಕೆ ನಿದ್ದೆಯ ‘ನಿಷಿದ್ಧ ವಲಯ’ ಎಂದೇ ಹೆಸರಿಟ್ಟರು. ನಿಮಗೆ ನಿದ್ದೆ ಹತ್ತುವುದು 11:30ಕ್ಕೆ. ಅಂದರೆ ನೀವು ದೀಪ ಆರಿಸಿ ಮಲಗುತ್ತಿರುವ 9:30 ಇಡೀ ದಿನದಲ್ಲೇ ನಿದ್ದೆ ಬರಲು ಅತಿ ಕಷ್ಟದ ಹೊತ್ತು. ಸಂಜೆ ಆರಕ್ಕೆ ತೂಕಡಿಸುವವರೂ 9:30ಕ್ಕೆ ಕಣ್ಣು ಬಿಟ್ಟು ಕೂರುವುದು ಇದರಿಂದಲೇ.

ಎರಡು ತಾಸು ಹಾಗೆ ಮಲಗಿದ್ದರೆ ಇನ್ನೊಂದು ಕೇಡೂ ಇದೆ. ಹಾಸಿಗೆ, ದಿಂಬು, ಕತ್ತಲು ಎಲ್ಲವೂ ಎಚ್ಚರದ ಜೊತೆ, ಚಡಪಡಿಕೆಯ ಜೊತೆ ಗಂಟುಬೀಳುತ್ತವೆ. ಕುರ್ಚಿಯಲ್ಲಿ ಕೂತಾಗ ಜೊಂಪು ಹತ್ತಿ, ಎದ್ದು ಹಾಸಿಗೆಗೆ ಹೋದ ಕೂಡಲೇ ನಿದ್ದೆ ಹಾರಿಹೋದರೆ ಈ ಗಂಟು ಬಿದ್ದಿದೆ ಎಂದೇ ತಿಳಿಯಿರಿ. ಎಂಟು ತಿಂಗಳ ಹಿಂದೆ ಯಾವುದೋ ಚಿಂತೆಯೋ ಕಾಯಿಲೆಯೋ ನಿದ್ದೆಯನ್ನು ಕೆಡಿಸಿರಬಹುದು. ಅದು ಹೋಗಿಯೂ ಇರಬಹುದು. ಆಗ ಪರಿಹಾರವೆಂದು ಶುರುಮಾಡಿದ ಬೇಗ ಮಲಗುವುದು, ತಡವಾಗಿ ಏಳುವುದು, ಮಧ್ಯಾಹ್ನದ ನಿದ್ದೆ ಮಾತ್ರ ಉಳಿದುಕೊಂಡು ತೊಂದರೆಯನ್ನು ಸಾಕುತ್ತಿವೆ. ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆ ಅರ್ಧ ಮಾತ್ರ ಸರಿ. ಚಿಂತೆ ಇಲ್ಲದವನಿಗೂ ಮಧ್ಯಾಹ್ನ ಮೂರು ತಾಸು ಮಲಗಿ ಎದ್ದರೆ ರಾತ್ರಿ ಸಂತೆ ಇರಲಿ, ಹಂಸತೂಲಿಕೆಯಲ್ಲೂ ನಿದ್ದೆ ಬಾರದು.

ಏಳುವ ಹೊತ್ತನ್ನು ಮೊದಲು ಕಟ್ಟಿಹಾಕಿ

ನಿದ್ದೆ ಹತ್ತುವ ಹೊತ್ತು ನಮ್ಮ ಕೈಯಲ್ಲಿಲ್ಲ. ಏಳುವ ಹೊತ್ತು ಇದೆ. ಆದ್ದರಿಂದ ಕೆಲಸ ಶುರುವಾಗುವುದು ಬೆಳಿಗ್ಗೆಯಿಂದ. ವಾರದ ಏಳೂ ದಿನ ಪಾಲಿಸಬಲ್ಲ ಒಂದು ಹೊತ್ತನ್ನು ಆರಿಸಿಕೊಳ್ಳಿ. ನಿಮಗೆ 6:30 ಎಂದಿಟ್ಟುಕೊಳ್ಳೋಣ. ರಾತ್ರಿ ಎರಡು ಗಂಟೆಯಷ್ಟೇ ನಿದ್ದೆ ಬಂದಿದ್ದರೂ 6:30ಕ್ಕೆ ಎದ್ದು ಹಾಸಿಗೆ ಬಿಡಬೇಕು. ರಜೆಯ ದಿನ ಹೆಚ್ಚೆಂದರೆ ಅರ್ಧ ಗಂಟೆ ಸಡಿಲಿಸಬಹುದು. ಈಗಿನಂತೆ 7ರ ಬದಲು 9:30ಕ್ಕೆ ಎದ್ದರೆ ಆ ರಾತ್ರಿಯ ಮಟ್ಟಿಗೆ ನಿದ್ದೆಯ ಒತ್ತಡ ಏರಲು ಎರಡೂವರೆ ಗಂಟೆ ಕಡಿಮೆ ಸಿಗುತ್ತದೆ. ಮೇಲೆ ಮಧ್ಯಾಹ್ನದ ಒಂದು ಗಂಟೆ. ಬೆಳಗಿನ ಬೆಳಕೂ ತಡವಾಗಿ ಕಣ್ಣಿಗೆ ಬೀಳುವುದರಿಂದ ಗಡಿಯಾರ ಮುಂದಕ್ಕೆ ಜಾರುತ್ತದೆ. ರಜೆ ಮುಗಿದು ಕೆಲಸಕ್ಕೆ ಹೋಗುವ ಮುನ್ನಾರಾತ್ರಿ ಬಹಳ ಜನರಿಗೆ ನಿದ್ದೆ ಬಾರದಿರುವುದನ್ನು ಮಾರನೇ ದಿನದ ಕೆಲಸದ ಆತಂಕ ಎಂದುಕೊಳ್ಳುತ್ತಾರೆ. ಅರ್ಧಕ್ಕರ್ಧ ಈ ಲೆಕ್ಕವೇ.

ಇನ್ನು ಮಲಗುವ ಹೊತ್ತು. ಒಂದು ವಾರ ನಿದ್ದೆಯ ದಿನಚರಿ ಬರೆಯಿರಿ. ಹಾಸಿಗೆಗೆ ಹೋದದ್ದು, ನಿದ್ದೆ ಹತ್ತಿದ್ದು, ನಡುವೆ ಎಚ್ಚರವಿದ್ದದ್ದು, ಕೊನೆಯ ಬಾರಿ ಎಚ್ಚರವಾದದ್ದು, ಹಾಸಿಗೆ ಬಿಟ್ಟದ್ದು: ಇಷ್ಟೇ. ಬೆಳಿಗ್ಗೆ ಎದ್ದ ಮೇಲೆ ಅಂದಾಜಿನಲ್ಲಿ ಬರೆದರೆ ಸಾಕು. ರಾತ್ರಿ ಗಡಿಯಾರ ನೋಡಿ ಬರೆಯುವುದೇ ಬೇಡ. ನಿಮ್ಮ ಸರಾಸರಿ ನಿದ್ದೆ ಆರೂಕಾಲು ಗಂಟೆ ಬಂದಿತು ಎನ್ನಿ. ಅದಕ್ಕೆ ಕಾಲು ಗಂಟೆ ಸೇರಿಸಿ ಆರೂವರೆ ಗಂಟೆಯ ಕಿಂಡಿ, ಅಂದರೆ ಹಾಸಿಗೆಯಲ್ಲಿರುವ ಅವಧಿ, ಇಟ್ಟುಕೊಳ್ಳಿ. 6:30ರಿಂದ ಹಿಂದಕ್ಕೆ ಎಣಿಸಿದರೆ ಮಲಗುವ ಹೊತ್ತು ರಾತ್ರಿ 12. ಹೌದು, 12. ಅದಕ್ಕಿಂತ ಮೊದಲು ಹಾಸಿಗೆ ಬೇಡ. 12ಕ್ಕೂ ನಿದ್ದೆ ಬರುತ್ತಿಲ್ಲವಾದರೆ ಬರುವವರೆಗೆ ಬೇಡ. ಆರ್ಥರ್ ಸ್ಪೀಲ್‌ಮನ್ ಮತ್ತು ಸಂಗಡಿಗರು 1987ರಲ್ಲಿ ವಿವರಿಸಿದ ನಿದ್ರಾ ನಿರ್ಬಂಧ ಚಿಕಿತ್ಸೆ ಇದು. ಹೆಸರು ಕೇಳಿದರೆ ನಿದ್ದೆಗೆ ಕತ್ತರಿ ಹಾಕಿದಂತೆ ಕಾಣುತ್ತದೆ. ಕತ್ತರಿ ಬೀಳುವುದು ಹಾಸಿಗೆಯಲ್ಲಿನ ಎಚ್ಚರಕ್ಕೆ.

ವಾರಕ್ಕೊಮ್ಮೆ ಲೆಕ್ಕ ಹಾಕಿ. 390 ನಿಮಿಷದ ಕಿಂಡಿಯಲ್ಲಿ ಸರಾಸರಿ 340 ನಿಮಿಷ ನಿದ್ದೆಯಾದರೆ ಶೇ. 87. ದಕ್ಷತೆ 85 ದಾಟಿದರೆ ಮಲಗುವ ಹೊತ್ತನ್ನು 15 ನಿಮಿಷ ಹಿಂದಕ್ಕೆ ತನ್ನಿ: ಮುಂದಿನ ವಾರ 11:45. 80ರಿಂದ 85ರ ನಡುವೆ ಇದ್ದರೆ ಏನೂ ಬದಲಿಸಬೇಡಿ. 80ಕ್ಕಿಂತ ಕೆಳಗಿದ್ದರೆ 15 ನಿಮಿಷ ಇನ್ನೂ ತಡಮಾಡಿ. ಏನೇ ಆದರೂ ಕಿಂಡಿ ಐದೂವರೆ ಗಂಟೆಗಿಂತ ಕಿರಿದಾಗಬಾರದು. ಹೀಗೆ ವಾರ ವಾರ ಹಿಗ್ಗಿಸುತ್ತಾ ಹೋದರೆ ಒಂದು ಹಂತದಲ್ಲಿ ಹಗಲು ಚುರುಕಾಗಿರುತ್ತದೆ, ಕಿಂಡಿ ಇನ್ನಷ್ಟು ಹಿಗ್ಗಿಸಿದರೆ ಮತ್ತೆ ನಡುವೆ ಎಚ್ಚರ ಶುರುವಾಗುತ್ತದೆ. ನಿಮ್ಮ ದೇಹಕ್ಕೆ ಬೇಕಾದ ನಿದ್ದೆ ಅಷ್ಟು.

ಇದು ಹಾಳಾಗುವುದು ಸಾಮಾನ್ಯವಾಗಿ ಮೊದಲ ವಾರದಲ್ಲೇ. ನಾಲ್ಕನೇ ಐದನೇ ದಿನಕ್ಕೆ ಹಗಲು ಮಂಪರು ಹೆಚ್ಚುತ್ತದೆ, ಸಿಡಿಮಿಡಿಯಾಗುತ್ತದೆ. ‘ಇದು ನನಗೆ ಒಗ್ಗಲಿಲ್ಲ’ ಎಂದು ಆ ರಾತ್ರಿ 9ಕ್ಕೇ ಮಲಗಿಬಿಡುತ್ತಾರೆ. ಆ ಮಂಪರೇ ನಮಗೆ ಬೇಕಾದದ್ದು. ರಾತ್ರಿ ಬಿಡುವಿಲ್ಲದ ನಿದ್ದೆ ತರುವುದು ಅದೇ. ಎರಡನೇ ವಾರದಿಂದ ನಿದ್ದೆ ತುಂಡಾಗುವುದು ಕಡಿಮೆಯಾಗುತ್ತದೆ, ನಾಲ್ಕರಿಂದ ಆರು ವಾರದಲ್ಲಿ ಬದಲಾವಣೆ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಈ ಅವಧಿಯಲ್ಲಿ ದೂರದ ವಾಹನ ಚಾಲನೆ, ಎತ್ತರದ ಮೇಲಿನ ಅಥವಾ ಯಂತ್ರದ ಮುಂದಿನ ಕೆಲಸ ಇಟ್ಟುಕೊಳ್ಳಬೇಡಿ. ಅಪಸ್ಮಾರ, ಬೈಪೋಲಾರ್ ಕಾಯಿಲೆ, ನಿದ್ದೆಯಲ್ಲಿ ನಡೆಯುವ ಅಭ್ಯಾಸ, ಚಿಕಿತ್ಸೆ ಇಲ್ಲದ ನಿದ್ರಾ ಉಸಿರುಕಟ್ಟು (ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವುದು) ಇರುವವರು ಇದನ್ನು ತಾವಾಗಿ ಮಾಡಲೇಬಾರದು. ನಿದ್ದೆಗೇಡು ಅಪಸ್ಮಾರದ ಸೆಳೆತವನ್ನೂ ಬೈಪೋಲಾರ್‌ನ ಉನ್ಮಾದವನ್ನೂ ಕೆರಳಿಸಬಲ್ಲದು. ಅಷ್ಟು ಬಿಗಿ ಬೇಡ ಎನ್ನುವವರಿಗೆ, ವಯಸ್ಸಾದವರಿಗೆ ಮೆದುವಾದ ದಾರಿಯೂ ಇದೆ: 9:30ರಿಂದ 12ಕ್ಕೆ ಒಮ್ಮೆಲೇ ಹಾರುವ ಬದಲು ವಾರಕ್ಕೆ ಅರ್ಧ ಗಂಟೆಯಂತೆ ತಡಮಾಡುತ್ತಾ ಹೋಗುವುದು. ಫಲ ಬರಲು ಹೆಚ್ಚು ವಾರ ಹಿಡಿಯುತ್ತದೆ, ಹಗಲಿನ ಸಂಕಟ ಕಡಿಮೆ.

ಮೂರು ಗಂಟೆಯ ಎಚ್ಚರ

ರಾತ್ರಿ ನಡುವೆ ಎಚ್ಚರವಾಗುವುದು ಕಾಯಿಲೆಯಲ್ಲ. ವಯಸ್ಕರ ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ಸಾಗುತ್ತದೆ, ಸುತ್ತಿನ ಕೊನೆಗೆ ಒಂದು ಕ್ಷಣ ಎಚ್ಚರವಾಗಿ ಮಗ್ಗುಲು ಬದಲಿಸಿ ಮತ್ತೆ ಮಲಗುವುದು ಎಲ್ಲರಿಗೂ ಇದ್ದದ್ದೇ. ಬೆಳಿಗ್ಗೆ ನೆನಪಿರುವುದಿಲ್ಲ ಅಷ್ಟೆ. ಗಾಢ ನಿದ್ದೆಯ ಬಹುಪಾಲು ರಾತ್ರಿಯ ಮೊದಲ ಮೂರನೇ ಒಂದು ಭಾಗದಲ್ಲೇ ಮುಗಿಯುತ್ತದೆ. ಕನಸಿನ ನಿದ್ದೆ, ಅಂದರೆ ರೆಮ್ ನಿದ್ದೆ, ಬೆಳಗಿನ ಜಾವಕ್ಕೆ ಹೆಚ್ಚು. ನೀವು 3ಕ್ಕೆ ಏಳುವಾಗ ಒತ್ತಡದ ದೊಡ್ಡ ಪಾಲು ತೀರಿರುತ್ತದೆ, ನಿದ್ದೆ ತೆಳುವಾಗಿರುತ್ತದೆ. ಆ ಕ್ಷಣಕ್ಕೆ ಗಡಿಯಾರದ ಕಡೆ ಕಣ್ಣು ಹೋಯಿತೋ, ಕೆಟ್ಟಿತು. ‘ಮೂರು! ಇನ್ನು ನಾಲ್ಕೇ ಗಂಟೆ. ನಾಳೆ ಗತಿಯೇನು?’ ಎಂಬ ಲೆಕ್ಕ ಎದೆಬಡಿತ ಏರಿಸುತ್ತದೆ. ಕೆಲವು ರಾತ್ರಿ ಹಾಗಾದ ಮೇಲೆ 3 ಗಂಟೆಯನ್ನು ಕಾಯುವುದೇ ಅಭ್ಯಾಸವಾಗುತ್ತದೆ. ಗಡಿಯಾರವನ್ನು ಗೋಡೆಯ ಕಡೆ ತಿರುಗಿಸಿ, ಮೊಬೈಲನ್ನು ಕೈಗೆಟುಕದಷ್ಟು ದೂರ ಇಡಿ. ಅಲಾರಾಂ ಹೇಗೂ ಹೊಡೆಯುತ್ತದೆ.

ಎಚ್ಚರ ಮುಂದುವರಿದು ಮೈ ಬಿಗಿಯುತ್ತಿದೆ, ತಲೆ ಓಡುತ್ತಿದೆ ಅನ್ನಿಸಿದರೆ ಎದ್ದು ಬೇರೆ ಕಡೆ ಹೋಗಿ. ಅಂದಾಜು 15–20 ನಿಮಿಷ ಎನ್ನುತ್ತಾರೆ, ಆದರೆ ಅದನ್ನು ಅಳೆಯಬೇಡಿ. ಕಿರಿಕಿರಿ ಶುರುವಾದದ್ದೇ ಗುರುತು. ರಿಚರ್ಡ್ ಬೂಟ್ಜಿನ್ 1972ರಲ್ಲಿ ರೂಪಿಸಿದ ಈ ಕ್ರಮ, ಹಾಸಿಗೆಗೂ ಎಚ್ಚರಕ್ಕೂ ಬಿದ್ದ ಗಂಟನ್ನು ಬಿಡಿಸುತ್ತದೆ. ಇದು ನಡೆಯಬೇಕಾದರೆ ತಯಾರಿ ಹಿಂದಿನ ಸಂಜೆಯೇ ಆಗಬೇಕು. ಬೇರೆ ಕೋಣೆಯಲ್ಲಿ, ಜಾಗ ಇಲ್ಲದಿದ್ದರೆ ಅದೇ ಕೋಣೆಯ ಮೂಲೆಯಲ್ಲಿ, ಒಂದು ನೇರ ಬೆನ್ನಿನ ಕುರ್ಚಿ, ಮೊಣಕಾಲಿನ ಎತ್ತರದಲ್ಲಿ ಹಳದಿ ಬೆಳಕಿನ ಸಣ್ಣ ದೀಪ, ಪುಟ ಮಾತ್ರ ಕಾಣುವಷ್ಟು, ಹೊದೆಯಲು ಶಾಲು, ಈಗಾಗಲೇ ಒಮ್ಮೆ ಓದಿದ, ಮುಂದೇನು ಎಂಬ ಕುತೂಹಲ ಹುಟ್ಟಿಸದ ಪುಸ್ತಕ. ಚಳಿಯಾದರೆ, ದೀಪ ಹುಡುಕಬೇಕಾದರೆ ಯಾರೂ ಹಾಸಿಗೆ ಬಿಟ್ಟು ಏಳುವುದಿಲ್ಲ. ಸೋಫಾ ಬೇಡ, ಅಲ್ಲೇ ಮಲಗಿಬಿಟ್ಟರೆ ಗಂಟು ಸೋಫಾಕ್ಕೆ ಬೀಳುತ್ತದೆ. ಹೇಗೂ ಎದ್ದೆವಲ್ಲ ಎಂದು ಪಾತ್ರೆ ತೊಳೆಯುವುದು, ಮೇಲ್ ನೋಡುವುದೂ ಬೇಡ. ರಾತ್ರಿ ಎದ್ದದ್ದಕ್ಕೆ ಒಂದು ಪ್ರಯೋಜನ ಸಿಕ್ಕಿತು ಅಂದರೆ ಮಿದುಳು ನಾಳೆಯೂ ಎಬ್ಬಿಸುತ್ತದೆ.

ಮತ್ತೆ ಹಾಸಿಗೆಗೆ ಹೋಗುವುದು ನಿದ್ದೆ ಬಂದಾಗ. ದಣಿವು ಬೇರೆ, ನಿದ್ದೆ ಬರುವುದು ಬೇರೆ. ಹಲವರಿಗೆ ಈ ವ್ಯತ್ಯಾಸವೇ ಮರೆತುಹೋಗಿರುತ್ತದೆ. ಮೈಕೈ ನೋವು, ತಲೆ ಭಾರ, ಏನೂ ಬೇಡ ಅನ್ನಿಸುವುದು ದಣಿವು. ರೆಪ್ಪೆ ತಾನಾಗಿ ಇಳಿಯುವುದು, ಒಂದೇ ಸಾಲನ್ನು ಎರಡು ಸಲ ಓದಿದರೂ ತಲೆಗೆ ಹೋಗದಿರುವುದು, ತಲೆ ತೂಗಿ ಪಕ್ಕನೆ ಎತ್ತುವುದು ನಿದ್ದೆ. ಎರಡನೆಯದು ಬಂದಾಗ ಎದ್ದು ಹೋಗಿ ಮಲಗಿ. ಮತ್ತೆ ನಿದ್ದೆ ಬಾರದಿದ್ದರೆ ಮತ್ತೆ ಎದ್ದು ಬನ್ನಿ. ಮೊದಲ ಕೆಲವು ರಾತ್ರಿ ಮೂರು ನಾಲ್ಕು ಬಾರಿ ಓಡಾಟವಾದೀತು.

ತಲೆ ಓಡುವುದಕ್ಕೆ ರಾತ್ರಿ ಮದ್ದಿಲ್ಲ, ಸಂಜೆ ಇದೆ. ಊಟಕ್ಕೆ ಮೊದಲು 15 ನಿಮಿಷ ಕೂತು ಒಂದು ಹಾಳೆಯಲ್ಲಿ ಎಡಕ್ಕೆ ಕಾಡುತ್ತಿರುವ ವಿಷಯ, ಬಲಕ್ಕೆ ನಾಳೆ ಅದಕ್ಕೆ ಮಾಡಬಹುದಾದ ಒಂದೇ ಒಂದು ಸಣ್ಣ ಕೆಲಸ ಬರೆಯಿರಿ. ಮಾಡುವಂಥದ್ದು ಏನೂ ಇಲ್ಲವಾದರೆ ‘ಏನೂ ಇಲ್ಲ’ ಎಂದೇ ಬರೆಯಿರಿ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನವೊಂದರಲ್ಲಿ, ಮಲಗುವ ಮುಂಚೆ ಐದು ನಿಮಿಷ ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿ ಬರೆದವರಿಗೆ, ಮುಗಿಸಿದ ಕೆಲಸಗಳ ಪಟ್ಟಿ ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆ ಹತ್ತಿತು. ಪಟ್ಟಿ ವಿವರವಾಗಿದ್ದಷ್ಟೂ ಫಲ ಹೆಚ್ಚು.

ಬೆಳಕು, ಕಾಫಿ, ಉಳಿದದ್ದು

ನಿದ್ದೆ ಎಂದರೆ ಎಲ್ಲರೂ ರಾತ್ರಿಯ ಕತ್ತಲಿನ ಬಗ್ಗೆ ಹೇಳುತ್ತಾರೆ, ಬೆಳಗಿನ ಬೆಳಕನ್ನು ಮರೆಯುತ್ತಾರೆ. ಕಣ್ಣಿನ ಅಕ್ಷಿಪಟಲದಲ್ಲಿ ನೋಡುವ ಕೋಶಗಳಲ್ಲದೆ, ಬೆಳಕು ಎಷ್ಟಿದೆ ಎಂದು ಗಡಿಯಾರಕ್ಕೆ ವರದಿ ಮಾಡುವ ಬೇರೆ ಕೋಶಗಳಿವೆ. ಸುಮಾರು 480 ನ್ಯಾನೋಮೀಟರಿನ ನೀಲಿ ಬೆಳಕಿಗೆ ಅವು ಹೆಚ್ಚು ಸೂಕ್ಷ್ಮ. ದೀಪ ಹಚ್ಚಿದ ಕೋಣೆಯಲ್ಲಿ 100ರಿಂದ 500 ಲಕ್ಸ್ ಬೆಳಕಿದ್ದರೆ, ತೆಳು ಮೋಡವಿದ್ದರೂ ಹೊರಗಿನ ಹಗಲಿನಲ್ಲಿ 10,000 ಲಕ್ಸ್ ಆಸುಪಾಸು ಇರುತ್ತದೆ. ನಮ್ಮ ಕಣ್ಣು ಹೊಂದಿಕೊಳ್ಳುವುದರಿಂದ ಈ ಅಂತರ ಗೊತ್ತೇ ಆಗುವುದಿಲ್ಲ. ಎದ್ದ ಒಂದು ಗಂಟೆಯೊಳಗೆ 20–30 ನಿಮಿಷ ತಂಪು ಕನ್ನಡಕವಿಲ್ಲದೆ ಹೊರಗೆ ನಡೆದಾಡಿ. ಸೂರ್ಯನನ್ನು ನೇರ ನೋಡುವುದೇನೂ ಬೇಡ. ದಿನವಿಡೀ ಒಳಗೆ ಕೂರುವ ನಿಮಗೆ ಇದು ಕಾಫಿ ಬಿಟ್ಟದ್ದಕ್ಕಿಂತ ಹೆಚ್ಚು ಕೆಲಸ ಮಾಡೀತು. ಸಂಜೆ ಇದರ ತಿರುಗು. ಮಲಗುವ ಹೊತ್ತಿಗೆ ಎರಡು ಮೂರು ಗಂಟೆ ಮೊದಲಿನಿಂದ ಛಾವಣಿಯ ದೀಪ ಆರಿಸಿ, ಕೆಳಮಟ್ಟದ ಮಂದ ದೀಪ ಹಚ್ಚಿ.

ಮೊಬೈಲಿನ ನೀಲಿ ಬೆಳಕಿನ ಮೇಲೆ ಹೊರಿಸುವ ಆರೋಪ ನನ್ನ ಅಭಿಪ್ರಾಯದಲ್ಲಿ ಅತಿಯಾಯಿತು. ಮಂದ ಮಾಡಿದ ಪುಟ್ಟ ಪರದೆಯ ಬೆಳಕು ಛಾವಣಿಯ ದೀಪಕ್ಕೆ ಹೋಲಿಸಿದರೆ ಏನೂ ಅಲ್ಲ. ಕೆಡಿಸುವುದು ಅದರಲ್ಲಿರುವ ವಿಷಯ, ‘ಇನ್ನೊಂದು ನೋಡಿ ಮಲಗೋಣ’ ಎಂದು ಜಾರುವ ಹೊತ್ತು. ನೀವು 12ರವರೆಗೆ ಎಚ್ಚರವಿರಬೇಕಾದ ಈ ವಾರಗಳಲ್ಲಿ 10ರವರೆಗೆ ಏನಾದರೂ ನೋಡುವುದಕ್ಕೆ ನನ್ನ ತಕರಾರಿಲ್ಲ.

ಕೆಫೀನ್ ಅಡೆನೊಸಿನ್ ಕೂರುವ ಜಾಗದಲ್ಲಿ ತಾನು ಕೂತು ನಿದ್ದೆಯ ಒತ್ತಡವನ್ನು ಮುಚ್ಚಿಡುತ್ತದೆ. ದೇಹದಲ್ಲಿ ಅದರ ಅರ್ಧ ತೀರಲು ಸರಾಸರಿ ಐದು ಗಂಟೆ ಬೇಕು. ಮಧ್ಯಾಹ್ನ 3ಕ್ಕೆ 100 ಮಿಲಿಗ್ರಾಂ ಕುಡಿದರೆ ರಾತ್ರಿ 8ಕ್ಕೆ 50, ಮಧ್ಯರಾತ್ರಿ ಕಳೆದ ಮೇಲೂ 25 ಉಳಿದಿರುತ್ತದೆ. ಗರ್ಭಿಣಿಯರಲ್ಲಿ, ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಇನ್ನೂ ನಿಧಾನ. ‘ನಾನು ಕಾಫಿ ಕುಡಿದೇ ಮಲಗುತ್ತೇನೆ’ ಎನ್ನುವವರಿಗೆ ನಿದ್ದೆ ಬೇಗ ಹತ್ತಿದರೂ ಗಾಢ ನಿದ್ದೆ ತೆಳುವಾಗುತ್ತದೆ. 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಲಗುವ ಆರು ಗಂಟೆ ಮೊದಲು ಕೊಟ್ಟ 400 ಮಿಲಿಗ್ರಾಂ ಕೆಫೀನ್ ಒಂದು ಗಂಟೆಗೂ ಹೆಚ್ಚು ನಿದ್ದೆ ಕಸಿದಿತ್ತು. ಸಂಜೆಯದನ್ನು ಬಿಟ್ಟದ್ದು ಸಾಲದು. ಕೊನೆಯದು ಮಧ್ಯಾಹ್ನ 1ರ ಒಳಗೆ. ಚಹಾ, ಕೋಲಾ, ಚಾಕೊಲೇಟ್, ಕೆಲವು ತಲೆನೋವಿನ ಮಾತ್ರೆಗಳಲ್ಲೂ ಕೆಫೀನ್ ಇದೆ.

ಮದ್ಯ ನಿದ್ದೆ ಬೇಗ ತರುತ್ತದೆ, ಆಮೇಲೆ ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ರಾತ್ರಿಯ ಮೊದಲರ್ಧದಲ್ಲಿ ರೆಮ್ ನಿದ್ದೆಯನ್ನು ಅದುಮಿ, ಅದು ಕರಗಿದ ಮೇಲೆ ಎರಡನೇ ಅರ್ಧವನ್ನು ಚೂರು ಮಾಡುತ್ತದೆ. ಗಂಟಲಿನ ಸ್ನಾಯು ಸಡಿಲಿಸಿ ಗೊರಕೆ ಹೆಚ್ಚಿಸುತ್ತದೆ. ನಿಕೋಟಿನ್ ಉತ್ತೇಜಕ, ರಾತ್ರಿ ಎದ್ದಾಗ ಸೇದುವುದಂತೂ ಬೇಡ. ಊಟ ಮಲಗುವ ಎರಡು ಮೂರು ಗಂಟೆ ಮೊದಲು ಮುಗಿಯಲಿ. ಮೂತ್ರಕ್ಕೆಂದು ಏಳುವವರು ಮಲಗುವ ಎರಡು ಗಂಟೆ ಮೊದಲಿನಿಂದ ನೀರು ಕಡಿಮೆ ಮಾಡಬೇಕು. ಕಾಲು ಊದುವವರು ಸಂಜೆ ಒಂದು ಗಂಟೆ ಕಾಲನ್ನು ಎತ್ತರಕ್ಕೆ ಚಾಚಿ ಕೂತರೆ, ಮಲಗಿದ ಮೇಲೆ ಇಳಿಯಬೇಕಾದ ನೀರು ಮೊದಲೇ ಇಳಿಯುತ್ತದೆ. ವ್ಯಾಯಾಮ ಯಾವ ಹೊತ್ತಾದರೂ ಸರಿ, ಏದುಸಿರು ಬಿಡುವಂಥದ್ದು ಮಾತ್ರ ಮಲಗುವ ಒಂದೆರಡು ಗಂಟೆ ಮೊದಲು ಮುಗಿದಿರಲಿ.

ನಿದ್ದೆ ಹತ್ತಬೇಕಾದರೆ ದೇಹದ ಒಳಗಿನ ಉಷ್ಣ ಇಳಿಯಬೇಕು. ಆ ಉಷ್ಣ ಹೊರಹೋಗುವುದು ಅಂಗೈ, ಅಂಗಾಲಿನ ಮೂಲಕ. ಮಲಗುವ ಒಂದೆರಡು ಗಂಟೆ ಮೊದಲು 40–42 ಡಿಗ್ರಿ ಸೆಲ್ಸಿಯಸ್‌ನ ಬಿಸಿನೀರಿನಲ್ಲಿ ಹತ್ತು ನಿಮಿಷ ಸ್ನಾನ ಮಾಡಿದರೆ ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಿನ ಬಿಸಿ ಬೇಗ ಹೊರಹೋಗುತ್ತದೆ. ಸ್ನಾನ ಮುಗಿಸಿ ಕೂಡಲೇ ಮಲಗಿದರೆ ಇನ್ನೂ ಮೈ ಬಿಸಿಯಾಗಿರುತ್ತದೆ, ಪ್ರಯೋಜನವಿಲ್ಲ. ಕಾಲು ತಣ್ಣಗಿರುವವರಿಗೆ ಸಡಿಲ ಕಾಲುಚೀಲ ಇದೇ ಕೆಲಸ ಮಾಡುತ್ತದೆ. ಕೋಣೆ ತಂಪಾಗಿರಲಿ, ಹೊದಿಕೆ ಸಾಕಷ್ಟಿರಲಿ.

ಹಗಲು ನಿದ್ದೆಯನ್ನು ಈ ವಾರಗಳಲ್ಲಿ ಪೂರ್ತಿ ಬಿಡಿ. ವಾಹನ ಓಡಿಸಲೇಬೇಕಾಗಿ ಬಂದು ಕಣ್ಣು ಎಳೆಯುತ್ತಿದ್ದರೆ ಮಾತ್ರ ಮಧ್ಯಾಹ್ನ 3 ಗಂಟೆಯೊಳಗೆ 20 ನಿಮಿಷ, ಅಲಾರಾಂ ಇಟ್ಟು. ಅದಕ್ಕಿಂತ ಹೆಚ್ಚಾದರೆ ಗಾಢ ನಿದ್ದೆಗೆ ಇಳಿದು, ಎದ್ದ ಮೇಲೆ ಅರ್ಧ ಗಂಟೆ ಮಂಕು ಬಡಿದಂತಿರುತ್ತದೆ.

ವಾಚನ್ನು ಒಂದೆರಡು ತಿಂಗಳು ತೆಗೆದಿಡಿ. ಗಾಢ ನಿದ್ದೆಯನ್ನು ಸರಿಯಾಗಿ ಗುರುತಿಸಲು ಮಿದುಳಿನ ವಿದ್ಯುತ್ ಅಲೆ ನೋಡಬೇಕು. ವಾಚು ಕೈಯ ಅಲುಗಾಟ, ನಾಡಿಮಿಡಿತ ನೋಡಿ ಊಹಿಸುತ್ತದೆ. ಒಟ್ಟು ನಿದ್ದೆಯ ಅಂದಾಜು ಪರವಾಗಿಲ್ಲ; ಹಂತಗಳ ಲೆಕ್ಕ ನಂಬುವಂತಿಲ್ಲ. ಗಾಢ ನಿದ್ದೆ ವಯಸ್ಸಾದಂತೆ ಕಡಿಮೆಯಾಗುವುದೂ ಸಹಜ. ವಾಚಿನ ಅಂಕಿ ಸರಿಪಡಿಸಲು ಹೋಗಿ ನಿದ್ದೆ ಕೆಡಿಸಿಕೊಳ್ಳುವವರು ಎಷ್ಟಾದರೆಂದರೆ 2017ರಲ್ಲಿ ಇದಕ್ಕೆ ‘ಆರ್ಥೊಸೋಮ್ನಿಯಾ’ ಎಂಬ ಹೆಸರೇ ಹುಟ್ಟಿತು. ಎಂಟು ಗಂಟೆ ಆಗಲೇಬೇಕು ಎಂಬ ಹಟವೂ ಹಾಗೇ. 18ರಿಂದ 64 ವರ್ಷದವರಿಗೆ 7ರಿಂದ 9 ಗಂಟೆ ಎಂಬುದು ತಜ್ಞರ ಶಿಫಾರಸು. 65 ದಾಟಿದವರಿಗೆ 7–8. ಅದು ಜನಸಮೂಹದ ಲೆಕ್ಕ. ಆರಂಭದಲ್ಲಿ ಆರೂವರೆಯಲ್ಲಿ ಇದ್ದರೂ ನಮ್ಮ ಗುರಿ ನಿಮ್ಮನ್ನು ಏಳಕ್ಕೆ ಮುಟ್ಟಿಸುವುದು. ಒಂಬತ್ತೂವರೆ ಈ ಶಿಫಾರಸಿನಲ್ಲೂ ಇಲ್ಲ.

ಅಭ್ಯಾಸದಿಂದ ಸರಿಹೋಗದವು

ಹಾಸಿಗೆಯಲ್ಲಿ ಸಾಕಷ್ಟು ಗಂಟೆ ನಿದ್ದೆಯಾಗಿಯೂ ಹಗಲೆಲ್ಲ ತೂಕಡಿಸುವವರು, ಜೋರು ಗೊರಕೆಯ ನಡುವೆ ಉಸಿರು ನಿಂತು ಮತ್ತೆ ಏದುಸಿರಿನೊಂದಿಗೆ ಶುರುವಾಗುತ್ತದೆ ಎಂದು ಪಕ್ಕದಲ್ಲಿ ಮಲಗಿದವರು ಹೇಳಿದವರು, ಬೆಳಿಗ್ಗೆ ಬಾಯಿ ಒಣಗಿ ತಲೆನೋವಿನೊಂದಿಗೆ ಏಳುವವರು, ರಕ್ತದೊತ್ತಡ ಮಾತ್ರೆಗೂ ಬಗ್ಗದವರು ನಿದ್ರಾ ಉಸಿರುಕಟ್ಟಿಗೆ ಪರೀಕ್ಷೆ ಮಾಡಿಸಬೇಕು. ಮನೆಯಲ್ಲೇ ಒಂದು ರಾತ್ರಿ ಉಪಕರಣ ಕಟ್ಟಿಕೊಂಡು ಮಾಡುವ ಪರೀಕ್ಷೆಗಳೂ ಇವೆ. ಗಂಟೆಗೆ ಐದಕ್ಕಿಂತ ಹೆಚ್ಚು ಬಾರಿ ಉಸಿರು ನಿಲ್ಲುವುದು ಅಥವಾ ಕುಗ್ಗುವುದು ಅಸಹಜ. ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದೂ ಇದರ ಗುರುತಾಗಿರಬಹುದು; ಮಧ್ಯವಯಸ್ಸಿನಲ್ಲಿ ಇದನ್ನು ಪ್ರಾಸ್ಟೇಟ್ ಎಂದೋ ಸಕ್ಕರೆ ಕಾಯಿಲೆ ಎಂದೋ ಮಾತ್ರ ಹುಡುಕುತ್ತಾ ಕೂರುತ್ತಾರೆ.

ಸಂಜೆಯಾದಂತೆ ಕಾಲಿನೊಳಗೆ ಹರಿದಾಡಿದಂತೆ, ಅಲುಗಿಸದೇ ಇರಲಾಗದಂತೆ ಅನ್ನಿಸಿ, ನಡೆದಾಡಿದರೆ ಕಡಿಮೆಯಾದರೆ ಅದು ಚಡಪಡಿಸುವ ಕಾಲಿನ ತೊಂದರೆ. ದೇಹದಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ರಕ್ತಪರೀಕ್ಷೆ ಮಾಡಿಸಿ. ರಕ್ತಹೀನತೆ ಇಲ್ಲದಿದ್ದರೂ ಫೆರಿಟಿನ್ ಲೀಟರಿಗೆ 75 ಮೈಕ್ರೊಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ವೈದ್ಯರು ಕಬ್ಬಿಣಾಂಶ ಕೊಡುತ್ತಾರೆ. ಪ್ರಯೋಗಾಲಯದ ವರದಿಯಲ್ಲಿ 30 ಬಂದರೂ ‘ಸಾಮಾನ್ಯ’ ಎಂದು ಮುದ್ರಿತವಾಗಿರುತ್ತದೆ, ಅಲ್ಲಿಗೇ ಬಿಡಬೇಡಿ. ಬೆಳಗಿನ ಜಾವ ಎಚ್ಚರವಾಗಿ ಯಾವುದರಲ್ಲೂ ಆಸೆಯಿಲ್ಲದಂತಾಗಿದ್ದರೆ ಖಿನ್ನತೆಯ ಬಗ್ಗೆ ಮಾತಾಡಿ. ಸ್ಟೀರಾಯ್ಡ್, ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ಮಾತ್ರೆ, ಕೆಲವು ಖಿನ್ನತೆಯ ಔಷಧ, ಸಂಜೆ ನುಂಗುವ ಮೂತ್ರವರ್ಧಕ ಇವೆಲ್ಲ ನಿದ್ದೆ ಕೆಡಿಸುತ್ತವೆ. ಹಲವು ಸಲ ನುಂಗುವ ಹೊತ್ತನ್ನು ಬೆಳಿಗ್ಗೆಗೆ ಬದಲಿಸಿದರೇ ಸಾಕು. ಅದನ್ನು ವೈದ್ಯರನ್ನು ಕೇಳಿ ಮಾಡಿ.

ಈಗ ಮಾತ್ರೆ. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ದಾಟಿದ ನಿದ್ರಾಹೀನತೆ ದೀರ್ಘಕಾಲದ್ದು. ನಿಮ್ಮದು ಆ ಗುಂಪಿಗೆ ಸೇರುತ್ತದೆ. ಅದಕ್ಕೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಮೇಲೆ ಹೇಳಿದ ಕ್ರಮಗಳನ್ನೇ ಒಳಗೊಂಡ, ನಿದ್ರಾಹೀನತೆಗೆಂದೇ ರೂಪಿಸಿದ ಅರಿವಿನ ವರ್ತನಾ ಚಿಕಿತ್ಸೆ, ಸಿಬಿಟಿ-ಐ. ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ, ಯುರೋಪಿನ ಮಾರ್ಗಸೂಚಿ 2017ರಲ್ಲಿ ಇದನ್ನೇ ಹೇಳಿದವು. ತರಬೇತಿ ಪಡೆದ ಮನಶ್ಶಾಸ್ತ್ರಜ್ಞರಿದ್ದರೆ ಆರರಿಂದ ಎಂಟು ಭೇಟಿಯ ಕೆಲಸ. ಆರು ವಾರ ನೀವಾಗಿ ಪ್ರಾಮಾಣಿಕವಾಗಿ ಮಾಡಿಯೂ ಬದಲಾಗದಿದ್ದರೆ ಅವರ ಬಳಿ ಹೋಗಿ, ದಿನಚರಿಯ ಹಾಳೆಗಳನ್ನು ಜೊತೆಗೆ ಒಯ್ಯಿರಿ.

ಸಾವು, ಶಸ್ತ್ರಚಿಕಿತ್ಸೆ ಇಂಥ ತೀವ್ರ ಹೊತ್ತಿನಲ್ಲಿ ಕೆಲವು ರಾತ್ರಿಗೆ ಮಾತ್ರೆಗೆ ಜಾಗವಿದೆ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ, ಅಲರ್ಜಿಗೆ ಕೊಡುವ ಮಂಪರು ಮಾತ್ರೆಗಳು ಬೇಡ: ಕೆಲವೇ ದಿನದಲ್ಲಿ ಅವುಗಳ ಮಂಪರು ಮೊಂಡಾಗುತ್ತದೆ, ಬಾಯಿ ಒಣಗುವುದು, ಮಲಬದ್ಧತೆ, ವಯಸ್ಸಾದವರಲ್ಲಿ ಗಲಿಬಿಲಿ ಉಳಿಯುತ್ತದೆ. ಮೆಲಟೋನಿನ್ ಗಡಿಯಾರಕ್ಕೆ ರಾತ್ರಿಯಾಯಿತು ಎಂದು ಹೇಳುವ ಹಾರ್ಮೋನು, ನಿದ್ದೆ ಬರಿಸುವ ಬಲ ಅದಕ್ಕೆ ಕಡಿಮೆ. ದೂರದ ವಿಮಾನ ಪಯಣದ ನಂತರ, ಗಡಿಯಾರ ತೀರಾ ತಡವಾದವರಿಗೆ ಉಪಯೋಗ, ನಿಮ್ಮ ತೊಂದರೆಗೆ ಹೆಚ್ಚೇನೂ ಇಲ್ಲ. ಜೋಲ್ಪಿಡೆಮ್ ಗುಂಪಿನ ನಿದ್ದೆ ಮಾತ್ರೆಗಳ ಮೇಲೆ 2019ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ತಮ್ಮ ಅತಿ ಗಂಭೀರ ಎಚ್ಚರಿಕೆ ಹಾಕಿಸಿದರು: ನಿದ್ದೆಗಣ್ಣಿನಲ್ಲೇ ನಡೆಯುವುದು, ವಾಹನ ಓಡಿಸುವುದು ವರದಿಯಾಗಿತ್ತು. ತಿಂಗಳುಗಟ್ಟಲೆ ನಿದ್ದೆ ಮಾತ್ರೆ ನುಂಗುತ್ತಿರುವವರು ಇದನ್ನು ಓದಿ ಇವತ್ತೇ ನಿಲ್ಲಿಸಬೇಡಿ. ಬೆಂಜೊಡಯಾಜೆಪಿನ್ ಗುಂಪಿನವನ್ನು ಥಟ್ಟನೆ ಬಿಟ್ಟರೆ ಸೆಳೆತವೂ ಬರಬಹುದು. ವೈದ್ಯರ ನಿಗಾದಲ್ಲಿ ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಪ್ರತಿ ಸಲ ಇಳಿಸಿದ ಮೇಲೂ ಕೆಲವು ರಾತ್ರಿ ನಿದ್ದೆ ಮೊದಲಿಗಿಂತ ಕೆಡುತ್ತದೆ. ಅದು ಮಾತ್ರೆ ಇಳಿದದ್ದರ ಪ್ರತಿಕ್ರಿಯೆ, ಕೆಲವು ದಿನಗಳಲ್ಲಿ ತಾನಾಗಿ ತಗ್ಗುತ್ತದೆ; ಹಳೆಯ ಕಾಯಿಲೆಯೇ ಮರಳಿತು ಎಂದು ತಿಳಿದು ಮತ್ತೆ ಪೂರ್ತಿ ಮಾತ್ರೆಗೆ ಹೋಗುವವರೇ ಹೆಚ್ಚು.